ಹಳೆಯ ಸಾರ್ವಜನಿಕ ಶ್ಮಶಾನದ ದುರಸ್ತಿ: ತುಲಾಮಳೆ ಮುಗಿದಲ್ಲಿಂದ ಪತ್ತನಾಜೆಯವರೆಗೆ

ಕಾಡು ಬೆಳೆದ ಶ್ಮಶಾನ ಐವತ್ತು ವರ್ಷ ಹಾಗೆಯೇ ಇದ್ದೀತು. ಒಂದು ಭಾನುವಾರ ಜೆಸಿಬಿ, ನಾಲ್ಕು ಗೋಣಿ ಸಿಮೆಂಟು, ಒಂದು ಚೀಲ ಬ್ಲೀಚಿಂಗ್ ಪೌಡರ್ ಒಳಗೆ ಹೊಕ್ಕರೆ ಅರ್ಧ ಸಮಾಧಿಗಳ ಗುರುತು ಸಂಜೆಯೊಳಗೆ ಅಳಿದುಹೋಗುತ್ತದೆ. ಆದ್ದರಿಂದ ಏನು ಮಾಡಬೇಕೆಂಬುದಕ್ಕೆ ಕೊಟ್ಟಷ್ಟೇ ಜಾಗವನ್ನು ಏನು ಮಾಡಬಾರದೆಂಬುದಕ್ಕೂ ಇಲ್ಲಿ ಕೊಟ್ಟಿದೆ.

ವಿಷಯ ಕಾಸರಗೋಡಿನ ಕಡೆಯದು. ನಗರಸಭೆ ಅಥವಾ ಪಂಚಾಯತಿನ ಸ್ವಾಧೀನದಲ್ಲಿರುವ ಹಳೆಯ ಸಾರ್ವಜನಿಕ ಶ್ಮಶಾನಗಳು. ಹಿತ್ತಿಲಲ್ಲೇ ಚಿತೆ ಇಡುವಷ್ಟು ಭೂಮಿ ಇದ್ದವರು ಇಲ್ಲಿಗೆ ಬಂದದ್ದು ಕಡಿಮೆ. ಮೂರು ಸೆಂಟು, ಐದು ಸೆಂಟಿನ ಮನೆಯವರು, ದೂರದ ಊರಿಂದ ಕೆಲಸಕ್ಕೆ ಬಂದು ತೀರಿಹೋದವರು, ವಾರಸುದಾರರಿಲ್ಲದವರು ಇಲ್ಲಿ ಮಲಗಿದ್ದಾರೆ. ಕೇಳುವವರಿಲ್ಲದ ಕಾರಣ ಜಾಗ ಕಾಡಾಗಿದೆ. ಒಳಗೆ ಕಾಣಸಿಗುವುದು ಹೆಚ್ಚಾಗಿ ಕೆಂಪುಕಲ್ಲು ಕಟ್ಟಿ ಸುಣ್ಣ ಬಳಿದ ಪೆಟ್ಟಿಗೆಯಂಥ ಸಮಾಧಿ, ಕಗ್ಗಲ್ಲಿನ ಹಲಗೆ, ಅಲ್ಲೊಂದು ಇಲ್ಲೊಂದು ಅಮೃತಶಿಲೆ, ತುಕ್ಕು ಹಿಡಿದ ಕಬ್ಬಿಣದ ಶಿಲುಬೆ, ಮುಸ್ಲಿಮರ ಸಮಾಧಿಯ ಮೀಸಾನ್ ಕಲ್ಲು, ಸುಟ್ಟ ಜಾಗದಲ್ಲಿ ಮಣ್ಣೇರಿಸಿ ಮಾಡಿದ ದೂಪೆ. ಕೊನೆಯದನ್ನು ಬರೀ ಮಣ್ಣಿನ ದಿಬ್ಬವೆಂದು ಸಮತಟ್ಟು ಮಾಡಿಬಿಡುವುದು ಎಲ್ಲೆಡೆ ನಡೆಯುವ ತಪ್ಪು.

ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ ಬೀಳುವ ಊರಿದು. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ಕೆಲಸದ ದಿನಗಳನ್ನು ಗೊತ್ತುಮಾಡುವುದೂ ಅದೇ ಮಳೆ. ಅಕ್ಟೋಬರ್–ನವೆಂಬರಿನ ತುಲಾಮಳೆ ನಿಂತ ಮೇಲೆ, ನವೆಂಬರ್ ಕೊನೆಯಲ್ಲಿ, ಶುರು ಮಾಡಿ. ಪತ್ತನಾಜೆಗೆ, ಎಂದರೆ ಮೇ 24–25ರ ಹೊತ್ತಿಗೆ, ಎಲ್ಲ ಮುಗಿದಿರಲಿ. ಸುಣ್ಣದ ಕೆಲಸವನ್ನಂತೂ ಮಾರ್ಚ್ ದಾಟಿಸಲೇಬೇಡಿ.

ಕತ್ತಿ ಹಿಡಿಯುವ ಮೊದಲು

ಮೊದಲ ಕೆಲಸ ವಿಲೇಜ್ ಆಫೀಸಿನಲ್ಲಿ. ಸರ್ವೆ ನಂಬರು, ವಿಸ್ತೀರ್ಣ, ಜಾಗ ಪುರಂಬೋಕೋ (ಸರ್ಕಾರಿ ಜಾಗ) ಅಥವಾ ನಗರಸಭೆಯ ಹೆಸರಿಗೆ ಬಂದಿದೆಯೋ ಎಂಬುದನ್ನು ನೋಡಿ, ನಕ್ಷೆಯ ಪ್ರತಿ ತೆಗೆದುಕೊಳ್ಳಿ. ಹಳೆಯ ಶ್ಮಶಾನದ ಬೇಲಿ ವರ್ಷ ಕಳೆದಂತೆ ಒಳಕ್ಕೆ ಸರಿದಿರುವುದೇ ಹೆಚ್ಚು. ತಾಲೂಕು ಸರ್ವೆಯರ್ ಅಳೆದು ಗಡಿಕಲ್ಲು ತೋರಿಸುವವರೆಗೆ ಬೇಲಿಯ ಸುದ್ದಿಗೆ ಹೋಗಬೇಡಿ. ಹೋದರೆ ಶ್ಮಶಾನದ ಕೆಲಸ ಅಲ್ಲಿಗೆ ನಿಂತು ನೆರೆಕರೆಯವರ ಜಗಳ ಶುರುವಾಗುತ್ತದೆ.

1956ರ ನವೆಂಬರ್ 1ಕ್ಕೆ ಮೊದಲು ಕಾಸರಗೋಡು ತಾಲೂಕು ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಆ ಕಾಲದ ಕಡತಗಳಲ್ಲಿ ಕನ್ನಡ ಬರವಣಿಗೆ ಸಿಗುವುದು ಸಾಮಾನ್ಯ. ಮೇಜಿನ ಆಚೆ ಕೂತವರಿಗೆ ಅದನ್ನು ಓದಲು ಬಾರದಿದ್ದರೆ ‘ದಾಖಲೆ ಇಲ್ಲ’ ಎಂಬ ಉತ್ತರ ಬರಬಹುದು. ಹಳೆಯ ಕೈಬರಹ ಓದಬಲ್ಲ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ನಿಮ್ಮ ಅರ್ಜಿಯನ್ನೂ ಕನ್ನಡದಲ್ಲೇ ಬರೆಯಬಹುದು; 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯಲ್ಲಿ ಕನ್ನಡ, ತಮಿಳು ಅಲ್ಪಸಂಖ್ಯಾತರಿಗೆ ಆ ಹಕ್ಕು ಇದೆ.

ಆಮೇಲೆ ನಗರಸಭೆಯ ಅಥವಾ ಪಂಚಾಯತಿನ ಅನುಮತಿ ಬರಹದಲ್ಲಿ ಬೇಕು. ವಾರ್ಡ್ ಮೆಂಬರ್ ಬಾಯಲ್ಲಿ ಹೇಳಿದ ಒಪ್ಪಿಗೆ ಸಾಲದು. ಭಾವನೆಗೆ ನೋವಾಗುತ್ತದೆಂದು ತಿಳಿದೂ ಸಮಾಧಿ ಸ್ಥಳವನ್ನು ಅತಿಕ್ರಮಿಸುವುದು, ಶವಕ್ಕೆ ಅಗೌರವ ತೋರುವುದು ಭಾರತೀಯ ನ್ಯಾಯ ಸಂಹಿತೆಯ 301ನೇ ಕಲಮಿನಂತೆ ಅಪರಾಧ. ಹಳೆಯ ಐಪಿಸಿಯಲ್ಲಿ ಇದು 297 ಆಗಿತ್ತು. ಒಳ್ಳೆಯ ಮನಸ್ಸಿನಿಂದ ಮಾಡಿದ ಕೆಲಸವನ್ನೂ ಯಾರಾದರೂ ಹಾಗೆ ದೂರಬಹುದು. ಅಲ್ಲಿ ಹೂಳುವ, ಸುಡುವ ಎಲ್ಲ ಸಮುದಾಯಗಳ ಹಿರಿಯರನ್ನು ಒಮ್ಮೆ ಒಟ್ಟಿಗೆ ಕೂರಿಸಿ ಮಾತಾಡಿ. ಯಾವ ಭಾಗಕ್ಕೆ ಚಪ್ಪಲಿ ಹಾಕಿ ಹೋಗಬಾರದು, ಯಾವ ಮರ ಕಡಿಯಬಾರದು, ಯಾವ ದಿನ ಕೆಲಸ ಬೇಡ ಎಂಬುದೆಲ್ಲ ಆ ಒಂದು ಗಂಟೆಯಲ್ಲಿ ತಿಳಿಯುತ್ತದೆ.

ಹಣ ಪಂಚಾಯತಿನ ಯೋಜನೆಯಿಂದ ಬರುವುದಾದರೆ ಗ್ರಾಮಸಭೆಯಲ್ಲೋ ವಾರ್ಡ್‌ಸಭೆಯಲ್ಲೋ ವಿಷಯ ಎತ್ತಬೇಕು. ಮುಖ್ಯವಾಗಿ ಎಸ್ಟಿಮೇಟ್ ಬರೆಯುವ ದಿನ ಇಂಜಿನಿಯರರ ಬಳಿ ಕೂರಿ. ಅದರಲ್ಲಿ ಒಮ್ಮೆ ‘ಸಿಮೆಂಟ್ ಪ್ಲಾಸ್ಟರಿಂಗ್’, ‘ನೆಲ ಸಮತಟ್ಟು’, ‘ಇಂಟರ್‌ಲಾಕ್’ ಎಂದು ಬಿದ್ದರೆ ಕಂಟ್ರಾಕ್ಟುದಾರರು ಅದನ್ನೇ ಮಾಡುತ್ತಾರೆ. ಮಾಡದಿದ್ದರೆ ಅವರಿಗೆ ಬಿಲ್ ಆಗುವುದಿಲ್ಲ. ತಪ್ಪನ್ನು ಕಾಗದದಲ್ಲಿ ತಿದ್ದಲು ಐದು ನಿಮಿಷ ಸಾಕು.

ಗುರುತು, ನಕ್ಷೆ, ಪಟ್ಟಿ

ದಾರಿ ಬಿಡಿಸುವಷ್ಟು ಮಾತ್ರ ಗಿಡ ಸವರಿ, ಮೊದಲು ನಕ್ಷೆ ಮಾಡಿ. ಎಲ್ಲ ಸಾಫ್ ಮಾಡಿದ ಮೇಲೆ ನಕ್ಷೆ ಮಾಡೋಣ ಎಂದರೆ ಆಗ ಸಣ್ಣ ತಲೆಗಲ್ಲುಗಳು ಇರುವುದಿಲ್ಲ. ಗಿಡದ ಬುಡದೊಟ್ಟಿಗೆ ಅವೂ ಕಿತ್ತುಹೋಗಿ ಮೂಲೆಯ ರಾಶಿಗೆ ಸೇರಿರುತ್ತವೆ.

ಎರಡು ಜನ, 30 ಮೀಟರಿನ ಟೇಪು, ನೈಲಾನ್ ಹಗ್ಗ, ಗೂಟ. ಜಾಗವನ್ನು 5 ಮೀಟರಿನ ಚೌಕಗಳಾಗಿ ಹಗ್ಗ ಕಟ್ಟಿ ವಿಂಗಡಿಸಿ. 25 ಸೆಂಟ್ಸ್ ಎಂದರೆ ಸುಮಾರು 1,012 ಚದರ ಮೀಟರ್, 1 ಸೆಂ.ಮೀ.ಗೆ 1 ಮೀಟರಿನಂತೆ ಬರೆದರೆ ಒಂದು ಚಾರ್ಟ್ ಪೇಪರಿನಲ್ಲಿ ಹಿಡಿಯುತ್ತದೆ. ಪ್ರತಿ ಸಮಾಧಿಗೂ ಚೌಕದ ಅಕ್ಷರ ಮತ್ತು ಸಂಖ್ಯೆ ಕೊಡಿ: ಅ1, ಅ2, ಆ1. ನಂಬರನ್ನು ಕಲ್ಲಿನ ಮೇಲೆ ಪೈಂಟಿನಲ್ಲಿ ಬರೆಯಬೇಡಿ. ಅಲ್ಯೂಮಿನಿಯಂ ತಗಡಿನ ತುಂಡಿಗೆ ಮೊಳೆಯಿಂದ ಗೀಚಿ, ಕಾಲಬದಿಯ ನೆಲದಲ್ಲಿ ಗೂಟಕ್ಕೆ ಕಟ್ಟಿ. ತಗ್ಗು ಬಿದ್ದು ಉದ್ದಕ್ಕೆ ಕಾಣುವ ನೆಲ, ಸಾಲಾಗಿ ನೆಟ್ಟ ಕಾಡುಕಲ್ಲು, ಅಕಾರಣವಾಗಿ ಒಂದೇ ಕಡೆ ಬೆಳೆದ ದೇವಕಣಗಿಲೆ ಇವೂ ಸಮಾಧಿಯ ಗುರುತುಗಳೇ. ನಕ್ಷೆಯಲ್ಲಿ ಅವನ್ನು ಚುಕ್ಕೆಗೆರೆಯಲ್ಲಿ ತೋರಿಸಿ.

ಬರಹವಿರುವ ಕಲ್ಲಿನ ಫೋಟೋ ನಡು ಮಧ್ಯಾಹ್ನ ತೆಗೆದರೆ ಏನೂ ಕಾಣುವುದಿಲ್ಲ. ಬೆಳಗ್ಗೆ ಅಥವಾ ಸಂಜೆ ಬಿಸಿಲು ಓರೆಯಾಗಿ ಬೀಳುವಾಗ ತೆಗೆಯಿರಿ. ಕಲ್ಲಿನ ಮುಖ ಉತ್ತರಕ್ಕಿದ್ದರೆ ಕನ್ನಡಿಯಿಂದ ಬೆಳಕು ಹಾಯಿಸಿ, ಇಲ್ಲವೇ ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿನ ಮಗ್ಗುಲಿಗೆ ಒತ್ತಿ ಹಿಡಿಯಿರಿ. ಬೆರಳಿಗೆ ಸಿಗದ ಅಕ್ಷರವೂ ನೆರಳಿನಲ್ಲಿ ಏಳುತ್ತದೆ. ಸೀಮೆಸುಣ್ಣ ಉಜ್ಜುವುದು, ಹಿಟ್ಟು ಹಚ್ಚುವುದು, ಇದ್ದಿಲಿನಿಂದ ತಿಕ್ಕುವುದು ಬೇಡ. ಹಿಟ್ಟಿಗೆ ಬೂಸ್ಟು ಬರುತ್ತದೆ, ಉಜ್ಜಿದ ಕಡೆ ಸವೆದ ಅಕ್ಷರ ಇನ್ನಷ್ಟು ಸವೆಯುತ್ತದೆ.

ಬರಹವನ್ನು ಸಾಲು ಸಾಲಾಗಿ, ಕಾಗುಣಿತ ತಪ್ಪಿದ್ದರೆ ತಪ್ಪನ್ನೂ ಹಾಗೆಯೇ, ಇಳಿಸಿಕೊಳ್ಳಿ. ಒಂದೇ ಶ್ಮಶಾನದಲ್ಲಿ ಕನ್ನಡ, ಮಲಯಾಳ, ಅರಬಿ, ಇಂಗ್ಲಿಷ್ ಬರಹಗಳು ಸಿಗಬಹುದು. ಗೊತ್ತಿಲ್ಲದ ಲಿಪಿಯನ್ನು ಊಹಿಸಿ ಬರೆಯದೆ ಫೋಟೋ ಮಾತ್ರ ಇಡಿ. ಇಸವಿ ಕೊಲ್ಲವರ್ಷದಲ್ಲಿದ್ದರೆ ಸಿಂಹಮಾಸ ಹುಟ್ಟಿದಲ್ಲಿಂದ ಡಿಸೆಂಬರ್ ಕೊನೆವರೆಗಿನ ತಾರೀಖಿಗೆ 824 ಕೂಡಿಸಿ, ಜನವರಿಯಿಂದ ಆಚೆಯದಕ್ಕೆ 825. ಶಕವರ್ಷಕ್ಕೆ 78, ಜನವರಿಯಿಂದ ಯುಗಾದಿವರೆಗಿನ ತಾರೀಖಾದರೆ 79. ಹಿಜರಿಗೆ ಇಂಥ ನೇರ ಲೆಕ್ಕ ಇಲ್ಲ, ಚಾಂದ್ರಮಾನ ವರ್ಷ ಸೌರವರ್ಷಕ್ಕಿಂತ ಹನ್ನೊಂದು ದಿನ ಕಡಿಮೆ. ಮಸೀದಿಯ ಉಸ್ತಾದರಲ್ಲಿ ಕೇಳಿ ಬರೆಯಿರಿ.

ಕಾಡು ಸವರುವುದು

ಕೈಗೆ ದಪ್ಪ ಗ್ಲೌಸು, ಕಾಲಿಗೆ ಮೊಣಕಾಲುದ್ದದ ಗಂಬೂಟು. ಕನ್ನಡಿಹಾವು, ನಾಗರಹಾವು ಎರಡಕ್ಕೂ ಬಿರುಕು ಬಿಟ್ಟ ಸಮಾಧಿಯಷ್ಟು ತಂಪಾದ ಮನೆ ಬೇರೆ ಇಲ್ಲ. ಗಿಡದೊಳಕ್ಕೆ ಕೈ ಹಾಕುವ ಮೊದಲು ಉದ್ದ ಕೋಲಿನಿಂದ ಬಡಿದು ಸದ್ದು ಮಾಡಿ. ಹಾವು ಕಂಡರೆ ಕೇರಳ ಅರಣ್ಯ ಇಲಾಖೆಯ ‘ಸರ್ಪ’ ಆ್ಯಪಿನಲ್ಲಿ ಲೈಸೆನ್ಸ್ ಇದ್ದ ಹಾವು ಹಿಡಿಯುವವರ ವಿವರ ಸಿಗುತ್ತದೆ. ಕೆಸರು, ನಿಂತ ನೀರಿನಲ್ಲಿ ಕೆಲಸ ಇದ್ದರೆ ಇಲಿಜ್ವರದ ಭಯ ಉಂಟು. ಕುಟುಂಬ ಆರೋಗ್ಯ ಕೇಂದ್ರದಲ್ಲಿ ಮೊದಲೇ ಹೇಳಿದರೆ ಡಾಕ್ಸಿಸೈಕ್ಲಿನ್ ಗುಳಿಗೆ ಯಾರಿಗೆ, ಎಷ್ಟು ಎಂದು ನೋಡಿ ಕೊಡುತ್ತಾರೆ. ಕಾಲಲ್ಲಿ ಗಾಯ ಇದ್ದವರನ್ನು ಆ ಕೆಲಸಕ್ಕೆ ಇಳಿಸಬೇಡಿ.

ಕಮ್ಯುನಿಸ್ಟ್ ಗಿಡ, ಲಂಟಾನ, ನಾಚಿಕೆಮುಳ್ಳು ಇವನ್ನು ಬೇರು ಸಮೇತ ತೆಗೆಯಬಹುದು, ಆದರೆ ಸಮಾಧಿಯಿಂದ ಒಂದು ಮೊಳ ದೂರದಲ್ಲಿ ಮಾತ್ರ. ಅದಕ್ಕಿಂತ ಹತ್ತಿರ ಬಂದಲ್ಲಿ ನೆಲಮಟ್ಟಕ್ಕೆ ಕತ್ತಿಯಲ್ಲಿ ಕೊಯ್ದು ಬಿಡಿ. ಹಾರೆ, ಪಿಕ್ಕಾಸು ಎತ್ತಬೇಡಿ. ಹುಲ್ಲು ಕೊಯ್ಯುವ ಯಂತ್ರವನ್ನು ಕಲ್ಲಿನಿಂದ 30 ಸೆಂ.ಮೀ. ದೂರ ನಿಲ್ಲಿಸಿ, ಅದರ ನೈಲಾನ್ ದಾರ ಕೆಂಪುಕಲ್ಲಿನ ಬುಡವನ್ನು ಒಂದೆರಡು ವರ್ಷದಲ್ಲಿ ಇಲಿ ಕೊರೆದಂತೆ ಮಾಡುತ್ತದೆ. ಉಳಿದದ್ದನ್ನು ಕುಡುಗೋಲಿನಿಂದ ಕೊಯ್ಯಬೇಕು. ಹುಲ್ಲನ್ನು ಬೋಳು ಮಾಡಬೇಡಿ, ನಾಲ್ಕು ಬೆರಳು ಎತ್ತರ ಉಳಿಸಿ. ಇಲ್ಲಿನ ಮಳೆಗೆ ಬೋಳು ನೆಲ ಒಂದೇ ಆಟಿಯಲ್ಲಿ (ಜುಲೈ–ಆಗಸ್ಟಿನ ತುಳು ತಿಂಗಳು) ಕೊಚ್ಚಿಹೋಗಿ ಮೂಳೆ ಹೊರಗೆ ಕಾಣುತ್ತದೆ.

ಕಳೆನಾಶಕ ಹೊಡೆದರೆ ಸುಲಭವಲ್ಲವೇ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದನ್ನು ಕಂಡ ಜಿಲ್ಲೆಗೆ ಇದರ ಉತ್ತರ ಬಿಡಿಸಿ ಹೇಳಬೇಕಾಗಿಲ್ಲ. ಕಾನೂನಿನ ಮಾತಾದರೆ, ಗ್ಲೈಫೋಸೇಟನ್ನು ಕೇರಳ 2019ರಲ್ಲಿ ನಿಷೇಧಿಸಿದೆ. ಕಲ್ಲಿನ ಮಾತಾದರೆ, ಹುಲ್ಲಿನ ಬೇರು ಸತ್ತ ಮೇಲೆ ಮಣ್ಣಿಗೆ ಹಿಡಿತ ಇರುವುದಿಲ್ಲ, ಮುಂದಿನ ಮಳೆಗೆ ತಲೆಗಲ್ಲು ವಾಲುತ್ತದೆ.

ಎಲ್ಲಕ್ಕಿಂತ ದೊಡ್ಡ ತಲೆನೋವು ಗೋಳಿ, ಅಶ್ವತ್ಥ, ಅತ್ತಿಯ ಸಸಿಗಳು. ಹಕ್ಕಿ ಹಿಕ್ಕೆಯಿಂದ ಬಿರುಕಿನಲ್ಲಿ ಮೊಳೆತದ್ದು ಎರಡು ಎಲೆ ಇರುವಾಗಲೇ ಕಿತ್ತರೆ ಬೆರಳಲ್ಲಿ ಬರುತ್ತದೆ. ಹೆಬ್ಬೆರಳು ಗಾತ್ರ ಆದ ಮೇಲೆ ಎಳೆಯಬೇಡಿ. ಬೇರಿನೊಟ್ಟಿಗೆ ಕಲ್ಲೂ ಬರುತ್ತದೆ. ಗರಗಸದಲ್ಲಿ ಕಲ್ಲಿನ ಮಟ್ಟಕ್ಕೆ ಕೊಯ್ದು, ಚಿಗುರು ಬಂದ ಹಾಗೆ ತಿಂಗಳಿಗೊಮ್ಮೆ ಚಿವುಟುತ್ತಾ ಇದ್ದರೆ ಸಣ್ಣದು ಒಂದೆರಡು ವರ್ಷದಲ್ಲಿ ಸೊರಗಿ ಸಾಯುತ್ತದೆ. ತೊಡೆ ಗಾತ್ರದ ಬೇರು ಕಟ್ಟಡದೊಳಗೆ ಹೊಕ್ಕಿದ್ದರೆ ಬೇರೆ ದಾರಿಯಿಲ್ಲ. ಆ ಭಾಗದ ಕಲ್ಲುಗಳಿಗೆ ನಂಬರು ಹಾಕಿ, ಫೋಟೋ ತೆಗೆದು, ಒಂದೊಂದಾಗಿ ಬಿಚ್ಚಿ, ಬೇರು ತೆಗೆದು ಮತ್ತೆ ಕಟ್ಟಬೇಕು. ತೂತು ಕೊರೆದು ಇಂಗು ಇಟ್ಟರೆ ಸಾಯುತ್ತದೆ ಎಂಬ ಮಾತಿದೆ. ಅದನ್ನು ನಂಬಿ ಕೂತರೆ ಮರ ನಿಮಗಿಂತ ಹೆಚ್ಚು ಬಾಳುತ್ತದೆ. ಉಪ್ಪು ತುಂಬುವುದಂತೂ ಬೇಡವೇ ಬೇಡ, ಮರ ಸಾಯುವ ಮೊದಲು ಗೋಡೆ ಸಾಯುತ್ತದೆ. ಅಶ್ವತ್ಥ ಕಡಿಯಲು ಕೆಲಸದವರು ಹಿಂಜರಿಯುವುದು ಸಹಜ. ಹಿರಿಯರಲ್ಲಿ ಕೇಳಿ, ಬದಲಿಗೆ ಒಂದು ಸಸಿಯನ್ನು ಆವರಣದ ಅಂಚಿನಲ್ಲಿ, ಸಮಾಧಿಗಳಿಂದ ಹತ್ತು ಮೀಟರ್ ಆಚೆ ನೆಡುವ ಮಾತು ಕೊಟ್ಟು ಮುಂದುವರಿಯಿರಿ.

ದೊಡ್ಡ ಅಕೇಶಿಯಾ ಇದ್ದರೆ ಬುಡಕ್ಕೆ ಕೊಡಲಿ ಹಾಕದೆ ತುದಿಯಿಂದ ತುಂಡು ತುಂಡಾಗಿ ಹಗ್ಗದಲ್ಲಿ ಇಳಿಸಬೇಕು. ಶ್ರೀಗಂಧದ ಗಿಡ ಕಂಡರೆ ಅರಣ್ಯ ಇಲಾಖೆಗೆ ತಿಳಿಸದೆ ಮುಟ್ಟಬೇಡಿ. ಕೊಯ್ದ ಸೊಪ್ಪು, ತರಗೆಲೆಯನ್ನು ಸಮಾಧಿಗಳ ನಡುವೆ ಸುಡುವ ಅಭ್ಯಾಸ ಬಿಡಿ: ಬೆಂಕಿಯ ಕಾವಿಗೆ ಕಗ್ಗಲ್ಲಿನ ಮೇಲ್ಪದರ ಸಿಪ್ಪೆ ಏಳುತ್ತದೆ, ಅಮೃತಶಿಲೆ ಸಕ್ಕರೆಯಂತೆ ಉದುರುತ್ತದೆ. ಮೂಲೆಯಲ್ಲಿ ಗುಂಡಿ ಮಾಡಿ ಕೊಳೆಯಲು ಬಿಡಿ. ಪ್ಲಾಸ್ಟಿಕ್ ಹಾರ, ಥರ್ಮಾಕೋಲಿನ ಚಕ್ರ, ಬಾಟಲಿಗಳನ್ನು ಬೇರೆ ಮಾಡಿ, ಮನೆಮನೆಯ ಕಸ ಒಯ್ಯುವ ಹರಿತ ಕರ್ಮ ಸೇನೆಗೆ ಕೊಡಿ.

ನೀರಿಗೆ ದಾರಿ

ಒಂದೇ ಕೆಲಸಕ್ಕೆ ಹಣ ಇದ್ದರೆ ಚರಂಡಿ ಮಾಡಿಸಿ. ಕಲ್ಲು ವಾಲುವುದು, ಮಣ್ಣು ಕುಸಿಯುವುದು, ಗೋಡೆ ಬೀಳುವುದು, ಪಾಚಿ ಕಟ್ಟುವುದು ಎಲ್ಲದರ ಮೂಲ ನಿಂತ ನೀರು ಅಥವಾ ರಭಸದ ನೀರು. ಒಂದು ಜೋರು ಮಳೆಯ ದಿನ ಕೊಡೆ ಹಿಡಿದು ಹೋಗಿ ನೀರು ಎಲ್ಲಿಂದ ಬರುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ನಕ್ಷೆಯಲ್ಲಿ ಬಾಣ ಹಾಕಿ. ಬೇಸಗೆಯಲ್ಲಿ ಊಹಿಸಿ ತೋಡಿದ ಚರಂಡಿ ಬಹಳ ಸಲ ತಪ್ಪು ಜಾಗದಲ್ಲಿರುತ್ತದೆ.

ಗುಡ್ಡದ ಬದಿಯ ಮೇಲಂಚಿನಲ್ಲಿ, ಕೊನೆಯ ಸಮಾಧಿಯಿಂದ ಕನಿಷ್ಠ 2 ಮೀಟರ್ ಮೇಲೆ, ಅಡ್ಡ ಚರಂಡಿ ತೋಡಿ: 45 ಸೆಂ.ಮೀ. ಅಗಲ, 30 ಸೆಂ.ಮೀ. ಆಳ, ನೂರು ಮೀಟರಿಗೆ ಒಂದು ಮೀಟರಿನಷ್ಟು ಇಳಿಜಾರು. ಅದಕ್ಕಿಂತ ಕಡಿದಾದರೆ ನೀರು ತಳ ಕೊರೆಯುತ್ತದೆ. ಕೈಯಲ್ಲೇ ತೋಡಿಸಿ. ಗುರುತಿಲ್ಲದ ಸಮಾಧಿ ಅಲ್ಲೂ ಇರಬಹುದು. ಮೂಳೆ ಕಂಡರೆ ಕೆಲಸ ನಿಲ್ಲಿಸಿ, ಮುಟ್ಟದೆ ಬಟ್ಟೆ ಮುಚ್ಚಿ, ನಗರಸಭೆಗೂ ಆ ಸಮುದಾಯದ ಹಿರಿಯರಿಗೂ ತಿಳಿಸಿ, ಚರಂಡಿಯ ದಾರಿ ಬದಲಿಸಿ. ಮಣ್ಣಿನ ಮಡಕೆ, ಕೆಂಪುಕಲ್ಲಿನಲ್ಲಿ ಕೊರೆದ ಗವಿಯ ಬಾಯಿ ಕಂಡರೆ ವಿಷಯ ಬೇರೆ. ಈ ಜಿಲ್ಲೆಯ ತೆಂಕಣ ಭಾಗದಲ್ಲಿ ಬೃಹತ್ ಶಿಲಾಯುಗದ ಗುಹಾಸಮಾಧಿಗಳು ಸಿಕ್ಕಿವೆ. ಪುರಾತತ್ವ ಇಲಾಖೆ ಬರುವವರೆಗೆ ಒಂದು ಹೆಡಗೆ ಮಣ್ಣೂ ತೆಗೆಯಬೇಡಿ.

ಕೆಂಪುಕಲ್ಲಿನ ಕಂಪೌಂಡು ಬೀಳುವುದು ಹಿಂದಿನ ಮಣ್ಣು ನೀರು ಕುಡಿದು ಉಬ್ಬಿದಾಗ. ಗೋಡೆಯ ಬುಡದಿಂದ ಒಂದು ಗೇಣು ಮೇಲೆ, ಪ್ರತಿ ಒಂದೂವರೆ ಮೀಟರಿಗೆ ಒಂದರಂತೆ 10 ಸೆಂ.ಮೀ. ಪೈಪು ಸ್ವಲ್ಪ ಹೊರಕ್ಕೆ ಇಳಿಜಾರಾಗಿ ಕೂರಿಸಿ, ಒಳಬದಿಯ ಬಾಯಿಗೆ ಜಲ್ಲಿ ತುಂಬಿ. ಜಲ್ಲಿ ಹಾಕದಿದ್ದರೆ ಒಂದೇ ಮಳೆಗಾಲದಲ್ಲಿ ಪೈಪು ಕೆಸರು ಕಟ್ಟಿ ಮುಚ್ಚುತ್ತದೆ.

ಕುಸಿದ ಸಮಾಧಿಗೆ ಮಣ್ಣು ತುಂಬುವಾಗ ಅದೇ ಜಾಗದ ಮಣ್ಣು ಸಾಕು, ಕಟ್ಟಡದ ಮುರುಕು ಬೇಡ. 15 ಸೆಂ.ಮೀ. ದಪ್ಪದ ಪದರ ಹಾಕಿ, ಕಾಲಿನಲ್ಲಿ ತುಳಿದು, ಮೇಲೆ ಇನ್ನೊಂದು ಪದರ. ಕೊನೆಗೆ ನೆಲಕ್ಕಿಂತ ನಾಲ್ಕು ಬೆರಳು ಉಬ್ಬಾಗಿ ಬಿಟ್ಟು ಹುಲ್ಲಿನ ಹೆಂಟೆ ಮುಚ್ಚಿ. ಮಳೆ ಕಳೆದ ಮೇಲೆ ಮತ್ತೆ ಇಳಿಯುತ್ತದೆ, ಆಗ ಇನ್ನೊಮ್ಮೆ ತುಂಬಬೇಕು.

ವಾಲಿದ ಕಲ್ಲು, ಪಾಚಿ ಕಟ್ಟಿದ ಕಲ್ಲು

ವಾಲಿದ್ದೆಲ್ಲವನ್ನೂ ನೆಟ್ಟಗೆ ಮಾಡಬೇಕೆಂದಿಲ್ಲ. ಬದಿಯಲ್ಲಿ ನಿಂತು ಅಂಗೈಯಿಂದ ಮೆತ್ತಗೆ ಒತ್ತಿ. ಅಲುಗದಿದ್ದರೆ, ವಾಲಿಕೆ ಹತ್ತು ಹದಿನೈದು ಡಿಗ್ರಿ ಮೀರದಿದ್ದರೆ, ಹಾಗೆಯೇ ಬಿಡಿ. ಅಲುಗಿದರೆ ಕೆಲಸ ಉಂಟು. ತೂಕದ ಅಂದಾಜು ಮೊದಲೇ ಇರಲಿ: 3 ಅಡಿ ಎತ್ತರ, 2 ಅಡಿ ಅಗಲ, 3 ಇಂಚು ದಪ್ಪದ ಕಗ್ಗಲ್ಲು ಸುಮಾರು 115 ಕಿಲೊ. 6 ಅಡಿ, ಎರಡೂವರೆ ಅಡಿ, 4 ಇಂಚಿನ ಮುಚ್ಚುಗಲ್ಲು 375 ಕಿಲೊ ದಾಟುತ್ತದೆ. ಎರಡನೆಯದಕ್ಕೆ ಮುಕ್ಕಾಲಿಯೂ ಚೈನ್ ಬ್ಲಾಕೂ ಬೇಕು. ನಾಲ್ಕು ಜನ ಹುರುಪಿನಲ್ಲಿ ಎತ್ತಿದರೆ ಕಲ್ಲು ಅಥವಾ ಸೊಂಟ, ಎರಡರಲ್ಲೊಂದು ಮುರಿಯುತ್ತದೆ.

ತಲೆಗಲ್ಲು ಮತ್ತೆ ನಿಲ್ಲಿಸುವಾಗ ಮೂರರಲ್ಲೊಂದು ಪಾಲು ನೆಲದೊಳಗೆ ಇರಬೇಕು. ಹೊಂಡವನ್ನು ಕಲ್ಲಿನ ಸುತ್ತ 15 ಸೆಂ.ಮೀ. ಹೆಚ್ಚು ಅಗಲ ಮಾಡಿ, ತಳಕ್ಕೆ 10 ಸೆಂ.ಮೀ. 20 ಎಂ.ಎಂ. ಜಲ್ಲಿ ಹಾಕಿ ಬಡಿಯಿರಿ. ಕಲ್ಲನ್ನು ಇಳಿಸಿ, ಮರದ ಪಟ್ಟಿಗಳಿಂದ ಎರಡೂ ಬದಿ ಆನಿಸಿ, ರಸಮಟ್ಟ ಇಟ್ಟು ನೋಡಿ. ಜಲ್ಲಿ, ದಪ್ಪ ಹೊಯಿಗೆ (ಮರಳು) ಬೆರೆಸಿ 10 ಸೆಂ.ಮೀ. ಪದರಗಳಲ್ಲಿ ತುಂಬಿ, ಪ್ರತಿ ಪದರವನ್ನೂ ಗಡ್ಡಪಾರೆಯ ಹಿಂಬದಿಯಿಂದ ಬಡಿದು, ಮೇಲಿನ 5 ಸೆಂ.ಮೀ. ಮಣ್ಣು ಮುಚ್ಚಿ. ಬುಡಕ್ಕೆ ಕಾಂಕ್ರೀಟ್ ಹಾಕಬೇಡಿ. ಅದು ಕಲ್ಲಿನ ಕತ್ತಿನಲ್ಲಿ ನೀರು ಹಿಡಿದಿಡುತ್ತದೆ, ನೆಲ ಕೂತಾಗ ಕಲ್ಲು ಸರಿಯಲು ಜಾಗವಿಲ್ಲದೆ ಸರಿಯಾಗಿ ಅಲ್ಲೇ ತುಂಡಾಗುತ್ತದೆ. ಮೀಸಾನ್ ಕಲ್ಲಿನ ದಿಕ್ಕನ್ನು ಕೂದಲೆಳೆಯಷ್ಟೂ ಬದಲಿಸಬೇಡಿ. ತೆಗೆಯುವ ಮೊದಲೇ ಎರಡು ಗೂಟ ನೆಟ್ಟು ಹಗ್ಗ ಎಳೆದಿಟ್ಟುಕೊಳ್ಳಿ.

ಎರಡು ತುಂಡಾದ ಹಲಗೆಯನ್ನು ಅಂಟಿಸುವ ಆಸೆ ಬಿಟ್ಟು, 10 ಸೆಂ.ಮೀ. ಜಲ್ಲಿಯ ಹಾಸಿನ ಮೇಲೆ ತುಂಡುಗಳನ್ನು ಜೋಡಿಸಿ ಮಲಗಿಸುವುದೇ ಕ್ಷೇಮ. ನೀರು ಜಾರಲು ಒಂದು ತಲೆ ಒಂದೆರಡು ಬೆರಳು ಮೇಲಿರಲಿ.

ತೊಳೆಯಲು ನೀರು, ತೆಂಗಿನ ನಾರಿನ ಬ್ರಷ್, ಸಂದಿಗೆ ಬಿದಿರಿನ ಕಡ್ಡಿ. ಕಲ್ಲನ್ನು ಮೊದಲು ಪೂರ್ತಿ ನೆನೆಸಿ, ಕೆಳಗಿನಿಂದ ಮೇಲಕ್ಕೆ ಉಜ್ಜಿ, ಕೊನೆಗೆ ಮೇಲಿನಿಂದ ನೀರು ಬಿಡಿ. ಗಟ್ಟಿ ಪಾಚಿಗೆ ಬೆನ್ಝಾಲ್ಕೋನಿಯಂ ಕ್ಲೋರೈಡ್ ಕೆಮಿಕಲ್ ಅಂಗಡಿಯಲ್ಲಿ 50 ಶೇಕಡದ ದ್ರಾವಣವಾಗಿ ಸಿಗುತ್ತದೆ. ಒಂದು ಪಾಲಿಗೆ 24 ಪಾಲು ನೀರು ಸೇರಿಸಿದರೆ 2 ಶೇಕಡ. ಗ್ಲೌಸ್ ಹಾಕಿ ಹಚ್ಚಿ, ಕಾಲು ಗಂಟೆ ಬಿಟ್ಟು ಉಜ್ಜಿ ತೊಳೆಯಿರಿ. ಬಾವಿ, ತೋಡಿನ ಬಳಿ ಬಳಸಬೇಡಿ, ಮೀನಿಗೆ ವಿಷ. ಬ್ಲೀಚಿಂಗ್ ಪೌಡರ್ ಹಾಕಿದ ದಿನ ಕಲ್ಲು ಹೊಳೆಯುತ್ತದೆ. ಅದರ ಉಪ್ಪು ರಂಧ್ರಗಳೊಳಗೆ ಉಳಿದು, ಬೇಸಗೆಯಲ್ಲಿ ಹರಳುಗಟ್ಟಿ ಮೇಲ್ಪದರವನ್ನು ತಳ್ಳುತ್ತದೆ. ಟಾಯ್ಲೆಟ್ ತೊಳೆಯುವ ಆಸಿಡ್ ಅಮೃತಶಿಲೆಯನ್ನೂ ಸುಣ್ಣವನ್ನೂ ಕರಗಿಸುತ್ತದೆ. ಸರ್ವೀಸ್ ಸ್ಟೇಷನಿನ ಪ್ರೆಷರ್ ಪಂಪು ಗೇಟಿನ ಹೊರಗೇ ಇರಲಿ, ತಂತಿಬ್ರಷ್ ಕಲ್ಲಿಗೆ ತಾಗದಿರಲಿ. ಒಣಗಿದ ಬಿಳಿ, ಹಳದಿ ಕಲ್ಲುಹೂ ಅಕ್ಷರ ಮುಚ್ಚದಿದ್ದರೆ ಇರಲಿ ಬಿಡಿ.

ಸುಣ್ಣದ ಕೆಲಸ

ಕೆಂಪುಕಲ್ಲಿಗೆ ‘ಲ್ಯಾಟರೈಟ್’ ಎಂಬ ಹೆಸರು ಬಂದದ್ದು ಕೇರಳದ ಅಂಗಡಿಪ್ಪುರಂನಲ್ಲಿ ಫ್ರಾನ್ಸಿಸ್ ಬುಕಾನನ್ ಅದನ್ನು ಕಂಡು ಬರೆದ ಮೇಲೆ. ಆ ಬರಹ ಅಚ್ಚಾದದ್ದು 1807ರಲ್ಲಿ. ಅವನು ಗಮನಿಸಿದ್ದನ್ನು ಇಲ್ಲಿನ ಕಲ್ಲು ಕಡಿಯುವವರೆಲ್ಲ ಬಲ್ಲರು: ನೆಲದಲ್ಲಿ ಮೆತ್ತಗೆ, ಗಾಳಿಗೆ ಬಂದ ಮೇಲೆ ಗಟ್ಟಿ. ಗಟ್ಟಿಯಾದ ಮೇಲೂ ಮೈತುಂಬ ತೂತು. ನೆಲದ ಪಸೆ ಆ ತೂತುಗಳಲ್ಲಿ ಏರಿ ಮೇಲಿಂದ ಆರಿಹೋಗುತ್ತದೆ. ಸುಣ್ಣದ ಗಾರೆ ಈ ಉಸಿರಾಟಕ್ಕೆ ಅಡ್ಡ ಬರುವುದಿಲ್ಲ. ಸಿಮೆಂಟು ಬಾಯಿ ಮುಚ್ಚುತ್ತದೆ. ಒಳಗೆ ಉಳಿದ ನೀರಿಗೆ ಕಲ್ಲು ಕೆಸರಾಗುತ್ತದೆ, ಐದಾರು ಮಳೆಗಾಲ ಕಳೆದ ಮೇಲೆ ಸಿಮೆಂಟಿನ ಹಾಳೆ ಕಲ್ಲಿನ ಮುಖವನ್ನೂ ಅಂಟಿಸಿಕೊಂಡು ಬೀಳುತ್ತದೆ. ಹಿಂದೆ ಯಾರೋ ಹಾಕಿದ ಸಿಮೆಂಟು ಇದ್ದರೆ ಮರದ ಸುತ್ತಿಗೆಯಿಂದ ತಟ್ಟಿ ನೋಡಿ. ಡೊಳ್ಳು ಸದ್ದು ಬಂದಲ್ಲಿ ಮಾತ್ರ ತೆಗೆಯಿರಿ. ಗಟ್ಟಿ ಕೂತದ್ದನ್ನು ಉಳಿಯಿಂದ ಒಡೆದರೆ ಕಲ್ಲೇ ಹೋಗುತ್ತದೆ.

ಚಿಪ್ಪುಸುಣ್ಣ ಸಿಕ್ಕಿದರೆ ಒಳ್ಳೆಯದು. ಸುಟ್ಟ ಚಿಪ್ಪನ್ನು ಕಬ್ಬಿಣದ ಡ್ರಮ್ಮಿನಲ್ಲಿ ನೀರು ಇಟ್ಟು ಅದಕ್ಕೆ ಸ್ವಲ್ಪ ಸ್ವಲ್ಪವಾಗಿ ಹಾಕಬೇಕು, ಒಂದಕ್ಕೆ ಮೂರು ಪಾಲು ನೀರು. ಸುಣ್ಣದ ಮೇಲೆ ನೀರು ಸುರಿದರೆ ಕುದಿದು ಮುಖಕ್ಕೆ ಸಿಡಿಯುತ್ತದೆ. ಕನ್ನಡಕ ಹಾಕದೆ ಹತ್ತಿರ ಹೋಗಬೇಡಿ, ಮಕ್ಕಳನ್ನು ಬಿಡಲೇಬೇಡಿ. ತಣಿದ ಮೇಲೆ 2 ಎಂ.ಎಂ. ಜಾಲರಿಯಲ್ಲಿ ಸೋಸಿ, ಅರಳದೆ ಉಳಿದ ಹರಳು ಗಾರೆಯಲ್ಲಿ ಸೇರಿದರೆ ತಿಂಗಳ ನಂತರ ಅರಳಿ ಪ್ಲಾಸ್ಟರಿನಲ್ಲಿ ಹೊಂಡ ಬೀಳಿಸುತ್ತದೆ. ಸೋಸಿದ ಬೆಣ್ಣೆಯಂಥ ಸುಣ್ಣದ ಮೇಲೆ ನಾಲ್ಕು ಬೆರಳು ನೀರು ನಿಲ್ಲಿಸಿ ಮುಚ್ಚಿಡಿ. ಮೂರು ವಾರ ಕನಿಷ್ಠ, ಮೂರು ತಿಂಗಳಾದರೆ ಉತ್ತಮ. ಎಂದರೆ ಜನವರಿಯ ಕೆಲಸಕ್ಕೆ ಸುಣ್ಣ ಅಕ್ಟೋಬರಿನಲ್ಲೇ ಅರಳಬೇಕು. ಅಂಗಡಿಯ ಚೀಲದ ಸುಣ್ಣವೇ ಗತಿಯಾದರೆ ಚಿಟಿಕೆಗೆ ವಿನೆಗರ್ ಹನಿಸಿ ನೋಡಿ. ಜೋರು ನೊರೆ ಬಂದರೆ ಅದು ಗಾಳಿ ಕುಡಿದು ಸತ್ತ ಸುಣ್ಣ, ಗಾರೆಗೆ ಬಾರದು.

ಹೊಯಿಗೆ ಕಡಲಿನದ್ದು ಬೇಡ, ಅಳಿವೆಯದ್ದೂ ಬೇಡ; ಅದರ ಉಪ್ಪು ಬಿಳಿ ಹೂವಾಗಿ ಹೊರಬರುತ್ತದೆ. ಹೊಳೆಯ ಹೊಯಿಗೆ ತೆಗೆಯಲು 2001ರ ಕಾಯ್ದೆಯ ಕಟ್ಟುಪಾಡು ಇರುವುದರಿಂದ ಪಾಸ್ ಇದ್ದದ್ದನ್ನೇ ಕೊಳ್ಳಿ, ಇಲ್ಲವಾದರೆ ತೊಳೆದ ಎಂ ಸ್ಯಾಂಡ್. ಮೂರನೆಯದು ಸುರ್ಕಿ: ಒಡೆದ ಮಂಗಳೂರು ಹಂಚನ್ನು ಪುಡಿಮಾಡಿ ಜರಡಿ ಹಿಡಿದದ್ದು. ಇದು ಸೇರಿದರೆ ಗಾರೆ ಪಸೆಯಲ್ಲೂ ಗಟ್ಟಿಯಾಗುತ್ತದೆ. ಹೆಚ್ಚು ಬೆಂದು ಕಪ್ಪಾದ ಹಂಚು ಆಗದು.

ಅಳತೆ ಸುಣ್ಣ 1, ಹೊಯಿಗೆ 2, ಸುರ್ಕಿ 1. ಒಂದು ಲೆಕ್ಕ ನೋಡಿ: 2 ಮೀಟರ್ ಉದ್ದ, 1 ಮೀಟರ್ ಅಗಲ, 60 ಸೆಂ.ಮೀ. ಎತ್ತರದ ಸಮಾಧಿಗೆ ನಾಲ್ಕು ಬದಿ 3.6, ಮೇಲ್ಭಾಗ 2, ಒಟ್ಟು 5.6 ಚದರ ಮೀಟರ್. 15 ಎಂ.ಎಂ. ದಪ್ಪಕ್ಕೆ 84 ಲೀಟರ್, ಚೆಲ್ಲಿದ್ದು ಪೋಲಾದದ್ದು ಸೇರಿ 100 ಲೀಟರ್ ಗಾರೆ. 10 ಲೀಟರಿನ ಬಕೆಟಿನಲ್ಲಿ ಸುಣ್ಣ ಮೂರೂವರೆ, ಹೊಯಿಗೆ ಏಳು, ಸುರ್ಕಿ ಮೂರೂವರೆ. ಸುಣ್ಣ ಸಂದುಗಳಲ್ಲಿ ಅಡಗುವುದರಿಂದ ಕೂಡಿದ ಮೊತ್ತ 140 ಆದರೂ ಗಾರೆ ನೂರರ ಆಸುಪಾಸೇ ಆಗುವುದು. ನೀರು ಸೇರಿಸುವ ಅವಸರ ಬೇಡ. ಹಾರೆಯಲ್ಲಿ ಕಾಲು ಗಂಟೆ ಕುಟ್ಟಿ ಕಲಸಿದರೆ ಸುಣ್ಣದಲ್ಲಿರುವ ನೀರೇ ಸಾಕಾಗುತ್ತದೆ. ಬೆಲ್ಲದ ನೀರು, ಅಳಲೆಕಾಯಿ ಕಷಾಯ ಹಾಕುವ ಪದ್ಧತಿ ಹಳೆಯದು. ಅಳತೆ ಬಲ್ಲ ಮೇಸ್ತ್ರಿ ಇದ್ದರೆ ಹಾಕಿಸಿ, ಇಲ್ಲದಿದ್ದರೆ ಬಿಟ್ಟರೂ ಏನೂ ಕೆಡುವುದಿಲ್ಲ.

ಸಂದಿಯ ಸತ್ತ ಗಾರೆಯನ್ನು ಸಂದಿಯ ಅಗಲದ ಎರಡರಷ್ಟು ಆಳಕ್ಕೆ ಕೆರೆದು ತೆಗೆಯಿರಿ; ಅಗಲ 2 ಸೆಂ.ಮೀ. ಆದರೆ ಆಳ 4. ಧೂಳು ತೊಳೆದು, ಕಲ್ಲು ನೀರು ಕುಡಿದು ನಿಲ್ಲುವವರೆಗೆ ನೆನೆಸಿ, ಗಾರೆ ಒತ್ತಿ ತುಂಬಿ. ಒಣಕಲ್ಲಿಗೆ ಗಾರೆ ಹಚ್ಚಿದರೆ ಕಲ್ಲು ಅದರ ನೀರನ್ನು ಹೀರಿ ಮರುದಿನವೇ ಹುಡಿ ಉದುರುತ್ತದೆ. ಪ್ಲಾಸ್ಟರು ಎರಡು ಸಲಕ್ಕೆ, ಮೊದಲು 10 ಎಂ.ಎಂ., ವಾರ ಬಿಟ್ಟು 5. ಹಚ್ಚಿದ್ದರ ಮೇಲೆ ಒದ್ದೆ ಗೋಣಿ, ಗೋಣಿಯ ಮೇಲೆ ಹೆಣೆದ ಮಡಲಿನ ನೆರಳು, ಎರಡು ವಾರ ದಿನಕ್ಕೆ ಮೂರು ಸಲ ನೀರು ಚಿಮುಕಿಸುವುದು. ಇದು ಬೇಸರದ ಕೆಲಸ, ಆದ್ದರಿಂದಲೇ ಯಾರೂ ಮಾಡುವುದಿಲ್ಲ, ಆಮೇಲೆ ಸುಣ್ಣಕ್ಕೆ ಕೆಟ್ಟ ಹೆಸರು. ನೀರು ಹಾಕುವ ವ್ಯಕ್ತಿಗೆ ಕೂಲಿಯನ್ನು ಎಸ್ಟಿಮೇಟಿನಲ್ಲೇ ಸೇರಿಸಿ.

ಬದಲಿ ಕಲ್ಲು ಬೇಕಾದರೆ ಕೋರೆಯಿಂದ ತಂದದ್ದನ್ನು ಮೂರು ತಿಂಗಳಾದರೂ ಬಯಲಲ್ಲಿ ಒಟ್ಟಿಡಿ. ಬಿಳಿ ಜೇಡಿಯ ಗೆರೆ ಇದ್ದದ್ದನ್ನು ಹಿಂದೆ ಕಳಿಸಿ. ಕೊನೆಗೆ ಸುಣ್ಣ ಬಳಿಯುವುದು: ಹಾಲಿನಷ್ಟು ತೆಳ್ಳಗೆ, ದಿನಕ್ಕೊಂದರಂತೆ ನಾಲ್ಕೈದು ಕೈ. ಒಂದೇ ದಪ್ಪ ಕೈ ಬಳಿದರೆ ಹಪ್ಪಳದಂತೆ ಏಳುತ್ತದೆ. ಎನಾಮಲ್, ಪ್ಲಾಸ್ಟಿಕ್ ಎಮಲ್ಷನ್ ಬಳಿಯುವುದೂ ಸಿಮೆಂಟು ಹಾಕುವುದೂ ಒಂದೇ.

ಕಬ್ಬಿಣ, ಮತ್ತು ವರ್ಷದ ಓಡಾಟ

ಕಡಲ ಗಾಳಿಯ ಊರಿನಲ್ಲಿ ಕಬ್ಬಿಣದ ಬೇಲಿ, ಶಿಲುಬೆಗಳಿಗೆ ತಂತಿಬ್ರಷ್ ಹಾಕಿ ತುಕ್ಕು ತೆಗೆದು, ಸಿಹಿನೀರಲ್ಲಿ ತೊಳೆದು ಒಣಗಿಸಿ, ಅದೇ ದಿನ ಜಿಂಕ್ ಫಾಸ್ಫೇಟ್ ಪ್ರೈಮರ್, ಆಮೇಲೆ ಎರಡು ಕೈ ಎನಾಮಲ್. ಕಲ್ಲಿನೊಳಗೆ ಹೂತ ಸರಳು ತುಕ್ಕು ಹಿಡಿದು ಉಬ್ಬಿದರೆ ಕಲ್ಲು ಸೀಳುತ್ತದೆ. ಅಂಥದ್ದನ್ನು ಕಲ್ಲುಕೆಲಸ ಬಲ್ಲವರಿಂದಲೇ ಬಿಡಿಸಿ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿಗೆ ಬದಲಿಸಿ. ಅಂಗಡಿಯ ಸಾಮಾನ್ಯ 202 ಇಲ್ಲಿ ಬಾಳುವುದಿಲ್ಲ.

ಇಷ್ಟಾದ ಮೇಲೆ ವರ್ಷಕ್ಕೆ ನಾಲ್ಕು ಸಲ ಹೋದರೆ ಸಾಕು. ಪತ್ತನಾಜೆಯ ಹೊತ್ತಿಗೆ ಚರಂಡಿ, ಪೈಪುಗಳ ಬಾಯಿ ಬಿಡಿಸಲು. ಆಟಿಯ ನಡುವೆ ಒಂದು ದಿನ, ಕತ್ತಿಯಿಲ್ಲದೆ, ನೀರು ನಿಂತದ್ದನ್ನು ನೋಡಿ ಬರೆಯಲು. ನವೆಂಬರಿನಲ್ಲಿ ಹುಲ್ಲು ಕೊಯ್ದು ಗೋಳಿಸಸಿ ಚಿವುಟಲು; ಕ್ರೈಸ್ತ ಸಮಾಧಿಗಳಿದ್ದರೆ ನವೆಂಬರ್ 2ಕ್ಕೆ ಮೊದಲೇ, ಅಂದು ಮನೆಯವರು ಮೇಣದಬತ್ತಿ ಹಿಡಿದು ಬರುತ್ತಾರೆ. ಫೆಬ್ರವರಿಯಲ್ಲಿ ಬೇಲಿಯ ಹೊರಸುತ್ತ ಎರಡು ಮೀಟರ್ ಅಗಲಕ್ಕೆ ಒಣಹುಲ್ಲು ಸವರಲು, ಬೆಂಕಿ ಒಳಗೆ ಬಾರದಿರಲಿ ಎಂದು. ಪ್ರತಿ ಸಲವೂ ನಕ್ಷೆಯ ಪ್ರತಿಯೊಂದನ್ನು ಒಯ್ದು, ಹೊಸದಾಗಿ ವಾಲಿದ್ದು, ಕುಸಿದದ್ದು, ಸಿಡಿದದ್ದನ್ನು ನಂಬರಿನ ಎದುರು ತಾರೀಖು ಹಾಕಿ ಬರೆಯಿರಿ. ನಕ್ಷೆ, ಪಟ್ಟಿ, ಫೋಟೋಗಳ ಮೂರು ಪ್ರತಿ ಇರಲಿ: ಒಂದು ನಗರಸಭೆಯ ಕಡತದಲ್ಲಿ, ಒಂದು ಊರಿನ ವಾಚನಾಲಯದಲ್ಲಿ, ಒಂದು ಕೆಲಸ ಮಾಡಿದವರ ಕೈಯಲ್ಲಿ. ಪಟ್ಟಿ ಕನ್ನಡದಲ್ಲೂ ಮಲಯಾಳದಲ್ಲೂ ಇದ್ದರೆ ಮುಂದೆ ಕಡತ ತೆರೆಯುವವರಿಗೆ ಓದಲು ಇನ್ನೊಬ್ಬರನ್ನು ಹುಡುಕುವ ಕೆಲಸ ಇರುವುದಿಲ್ಲ.